ಅಡಿಗೆಮನೆ ನಲ್ಲಿಗೆ 12 ವೋಲ್ಟಿನ ಪುಟ್ಟ ಪಂಪು

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಹೋಯಿತು. ಮರ ಬಿದ್ದು ಲೈನು ತುಂಡಾದರೆ ಎರಡು-ಮೂರು ದಿನ ಕತ್ತಲೆಯೇ. ಹೊರಗೆ ಧೋ ಎಂದು ಮಳೆ, ಒಳಗೆ ಪಾತ್ರೆ ತೊಳೆಯಲು ನೀರಿಲ್ಲ!

ನಮ್ಮಲ್ಲಿ ಸುರಂಗದ ನೀರು ಅಂಗಳದ ಕೆಳಬದಿಯ ತೊಟ್ಟಿಗೆ ಬಂದು ಬೀಳುತ್ತದೆ. ಅಲ್ಲಿಂದ ಅಡಿಗೆಮನೆ ಸಿಂಕಿನ ನಲ್ಲಿಗೆ ಎತ್ತರ 3 ಮೀಟರು. ಹಂಚಿನ ಮನೆಯಾದ್ದರಿಂದ ಅಟ್ಟದಲ್ಲಿ 200 ಲೀಟರಿನ ಡ್ರಮ್ಮಿಗಿಂತ ದೊಡ್ಡದನ್ನು ಇಡುವ ಧೈರ್ಯವಿಲ್ಲ. ಅದು ಒಂದೇ ದಿನಕ್ಕೆ ಖಾಲಿ. ಮತ್ತೆ ಕೊಡಪಾನವೇ ಗತಿ. ಎಪ್ಪತ್ತು ದಾಟಿದ ಅಮ್ಮ ಪಾಚಿಗಟ್ಟಿದ ಮೆಟ್ಟಿಲಲ್ಲಿ ಕೊಡಪಾನ ಹಿಡಿದು ಹತ್ತುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತಿತ್ತು. (ಸುರಂಗ ಮನೆಗಿಂತ ಎತ್ತರದಲ್ಲಿ ಇದ್ದವರು ಮುಂದೆ ಓದಬೇಕಾಗಿಲ್ಲ. ಪೈಪು ಎಳೆಯಿರಿ, ನೀರು ತಾನೇ ಬರುತ್ತದೆ. ಭಾಗ್ಯವಂತರು!)

ಇನ್‌ವರ್ಟರಿನಲ್ಲಿ ಅರ್ಧ ಎಚ್ಪಿ ಪಂಪು ನಡೆಸಬಾರದೇ ಎಂದು ಕೇಳುವವರಿದ್ದಾರೆ. ಹೊರಡುವಾಗ ಆ ಮೋಟಾರು ಮಾಮೂಲಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಮನೆಗಳಲ್ಲಿರುವ ಸಣ್ಣ ಇನ್‌ವರ್ಟರು ಅದಕ್ಕೆ ಹೆಚ್ಚಾಗಿ ಬಗ್ಗುವುದಿಲ್ಲ. ಅಲ್ಲದೆ ಅಷ್ಟು ಶಕ್ತಿ ಬೇಕಾದರೂ ಏಕೆ? ನಲ್ಲಿಗೆ ಬೇಕಾದ್ದು ನಿಮಿಷಕ್ಕೆ 5 ಲೀಟರು. ಅಷ್ಟನ್ನು 4 ಮೀಟರು ಎತ್ತುವ ಕೆಲಸ ಲೆಕ್ಕದಲ್ಲಿ ನಾಲ್ಕು ವಾಟ್ ಕೂಡಾ ಆಗುವುದಿಲ್ಲ. ಪಂಪು, ಪೈಪಿನ ನಷ್ಟ ಎಲ್ಲ ಸೇರಿಸಿದರೂ 60 ವಾಟಿನ ಮೋಟಾರು ಧಾರಾಳ.

ಹಾಯಿದೋಣಿಯಲ್ಲಿ ವಾರಗಟ್ಟಲೆ ಕಡಲಲ್ಲಿರುವವರ ಅಡಿಗೆಮನೆಯೂ ನಮ್ಮದರಂತೆಯೇ. ಟ್ಯಾಂಕಿ ನೆಲಹಲಗೆಯ ಅಡಿಯಲ್ಲಿ, ಸಿಂಕು ಮೇಲೆ, ಇರುವುದು 12 ವೋಲ್ಟಿನ ಬ್ಯಾಟರಿ. ಅವರು ಬಳಸುವುದು ಅಂಗೈಗಿಂತ ಸ್ವಲ್ಪ ದೊಡ್ಡ ಡಯಾಫ್ರಾಮ್ ಪಂಪು. ಒಳಗೆ ರಬ್ಬರಿನ ಪೊರೆ, ಪುಟ್ಟ ವಾಲ್ವುಗಳು. ಮೋಟಾರು ತಿರುಗಿದಂತೆ ಪೊರೆ ಹಿಂದೆ-ಮುಂದೆ ಆಡಿ ನೀರನ್ನು ಎಳೆದು ನೂಕುತ್ತದೆ. ತಲೆಯಲ್ಲಿ ಪ್ರೆಶರ್ ಸ್ವಿಚ್ ಇದೆ. ನಲ್ಲಿ ತೆರೆದರೆ ಒತ್ತಡ ಇಳಿದು ಪಂಪು ಚಾಲೂ, ಮುಚ್ಚಿದರೆ ಬಂದ್. ಇದಕ್ಕೆ ನೀರು ತುಂಬಿಸಿ ಕೊಡಬೇಕಾಗಿಲ್ಲ, ತಾನೇ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಒಣಗಿ ಓಡಿದರೂ ಸುಟ್ಟುಹೋಗುವ ಜಾತಿಯಲ್ಲ.

ಬ್ಯಾಟರಿ ಸ್ಪ್ರೇಯರಿನ ಒಳಗೆ ಇರುವುದೂ ಇದೇ ಜಾತಿ. ಹಾಗೆಂದು ಹಳೆ ಸ್ಪ್ರೇಯರಿನ ಪಂಪು ಬಿಚ್ಚಿ ಅಡಿಗೆಮನೆಗೆ ಹಾಕಬೇಡಿ. ಖಂಡಿತಾ ಬೇಡ. ಪೊರೆಯ ರಬ್ಬರು ವಿಷ ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಬಿಡುವ ಭರವಸೆ ಇಲ್ಲ. ಹೊಸತೇ ಕೊಳ್ಳಿ. ಕುಡಿಯುವ ನೀರಿಗೆ ಯೋಗ್ಯ ಎಂದು ಬರೆದದ್ದು ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ತೊಳೆಯಲು ಮಾತ್ರ ಈ ನಲ್ಲಿ, ಕುಡಿಯಲು ಬೇರೆ ಇಟ್ಟುಕೊಳ್ಳಿ.

ಪಂಪು ಎಲ್ಲಿ?

ಈ ಪಂಪಿಗೆ ನೂಕುವ ಶಕ್ತಿ ಜಾಸ್ತಿ, ಎಳೆಯುವ ಶಕ್ತಿ ಕಡಿಮೆ. ಹಾಗಾಗಿ ಸಿಂಕಿನ ಅಡಿಯಲ್ಲಲ್ಲ, ತೊಟ್ಟಿಯ ಹತ್ತಿರ ಕೂರಬೇಕು. ನಾನು ನೀರಿನ ಮಟ್ಟದಿಂದ ಒಂದು ಮೀಟರು ಮೇಲೆ, ಎರಚಲು ತಾಗದ ಗೋಡೆಗೆ, ರಬ್ಬರಿನ ಕಾಲುಗಳ ಮೇಲೆ ಕೂರಿಸಿದ್ದೇನೆ. ಎರಡೂ ಬದಿಗೆ ಒಂದೊಂದು ಮೊಳ ಮೆತ್ತನೆ ಹೋಸು ಕೊಟ್ಟು ಅನಂತರ ಪಿವಿಸಿ ಪೈಪಿಗೆ ಸೇರಿಸಬೇಕು. ನೇರ ಪಿವಿಸಿಗೆ ಬಿಗಿದರೆ ಇಡೀ ಗೋಡೆ ಗುಂಯ್‌ಗುಡುತ್ತದೆ. ಎಳೆಯುವ ಬದಿಗೆ ನೂಲು ಹೆಣೆದ ದಪ್ಪ ಹೋಸೇ ಆಗಬೇಕು, ತೆಳುವಾದದ್ದು ಚಪ್ಪಟೆಯಾಗಿ ನೀರು ಕಟ್ಟುತ್ತದೆ.

ಪಂಪಿನ ಮೊದಲು ಸೋಸುವ ಜಾಲರಿ ಬೇಕೇ ಬೇಕು. ಸುರಂಗದ ನೀರಿನ ಒಂದು ಮರಳಿನ ಕಣ ವಾಲ್ವಿನಲ್ಲಿ ಸಿಕ್ಕಿದರೂ ಪಂಪು ನಿಲ್ಲದೆ ಓಡುತ್ತದೆ. ತೊಟ್ಟಿಯೊಳಗಿನ ಪೈಪಿನ ತುದಿ ತಳದಿಂದ ಒಂದು ಗೇಣು ಮೇಲಿರಲಿ.

ಎಳೆಯುವ ಬದಿಯ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ ಎಂಬುದು ನೆನಪಿರಲಿ. ಅಲ್ಲಿ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪು ತಿರುಗಿಯೂ ನೀರು ಬಾರದಿದ್ದರೆ ಮೊದಲು ನೋಡಬೇಕಾದ್ದು ಅಲ್ಲಿನ ಕ್ಲಾಂಪುಗಳನ್ನು.

ವಯರಿನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲೇ. 230 ವೋಲ್ಟಿನಲ್ಲಿ 60 ವಾಟ್ ಎಂದರೆ ಕಾಲು ಆಂಪಿಯರಿನಷ್ಟು. 12 ವೋಲ್ಟಿನಲ್ಲಿ ಅದೇ 60 ವಾಟಿಗೆ 5 ಆಂಪಿಯರ್! ನಮ್ಮ ಬ್ಯಾಟರಿಯಿಂದ ಪಂಪಿಗೆ 10 ಮೀಟರು, ಹೋಗಿ ಬರಲು 20 ಮೀಟರು ವಯರು. ಮನೆ ವಯರಿಂಗಿನ 1.5 ಚದರ ಮಿಲಿಮೀಟರಿನ ತಾಮ್ರದ ವಯರು ಹಾಕಿದರೆ ದಾರಿಯಲ್ಲೇ 1.2 ವೋಲ್ಟ್ ಖರ್ಚಾಗುತ್ತದೆ. ಅಂದರೆ ಹತ್ತರಲ್ಲಿ ಒಂದು ಪಾಲು. 4 ಚದರ ಮಿಲಿಮೀಟರಿನದ್ದಾದರೆ ಹೆಚ್ಚುಕಡಿಮೆ 0.45 ವೋಲ್ಟ್. ವೋಲ್ಟೇಜು ಇಳಿದ ಪಂಪು ಕೆಲವೊಮ್ಮೆ ಬಂದ್ ಆಗಬೇಕಾದ ಒತ್ತಡಕ್ಕೆ ಮುಟ್ಟುವುದೇ ಇಲ್ಲ. ನಲ್ಲಿ ಮುಚ್ಚಿದರೂ ಗೊರಗೊರ ಎನ್ನುತ್ತಲೇ ಇರುತ್ತದೆ. ನಾನು 4ರದ್ದನ್ನೇ ಹಾಕಿದೆ. ವಯರಿಗೆ ಆದ ಖರ್ಚು ಪಂಪಿನ ಕ್ರಯದ ಹತ್ತಿರ ಬಂತು, ಆದರೆ ಇಲ್ಲಿ ಜುಗ್ಗತನ ಸಲ್ಲ.

ಇನ್ನು ಫ್ಯೂಸು. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂದು ಅಸಡ್ಡೆ ಬೇಡ. ಇನ್‌ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಒಮ್ಮೆಲೆ ಹರಿದು ವಯರು ಕೆಂಪಗೆ ಕಾಯುತ್ತದೆ. ಹಂಚಿನ ಮನೆ, ಮರದ ಪಕ್ಕಾಸು, ಇಲಿ ಕಡಿದ ವಯರು – ಮತ್ತೆ ಹೇಳಬೇಕೇ? ಫ್ಯೂಸು ಇರಬೇಕಾದ್ದು ಪಂಪಿನ ಹತ್ತಿರ ಅಲ್ಲ, ಬ್ಯಾಟರಿಯ ಪ್ಲಸ್ಸಿನ ಹತ್ತಿರ. ಅಮೆರಿಕದ ದೋಣಿ ಕಟ್ಟುವವರ ಮಾನದಂಡದಲ್ಲಿ ಇದಕ್ಕೆ 7 ಇಂಚಿನ ಮಿತಿ ಇದೆ. ಫ್ಯೂಸಿನ ಆಚೆ ಇರುವ ವಯರಿಗೆ ಮಾತ್ರ ಅದರ ರಕ್ಷಣೆ ತಾನೇ? ಎಷ್ಟು ಆಂಪಿಯರಿನದ್ದು ಎಂದು ಪಂಪಿನ ಚೀಟಿಯಲ್ಲೇ ಬರೆದಿರುತ್ತದೆ. ನಮ್ಮದಕ್ಕೆ 10.

ಒಂದೇ ಬ್ಯಾಟರಿಯ ಇನ್‌ವರ್ಟರಿದ್ದವರು ಅದರಿಂದಲೇ ತೆಗೆಯಬಹುದು. ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿದ್ದರೆ ಒಂದರಿಂದ ಮಾತ್ರ ತೆಗೆಯಬೇಡಿ, ಜೋಡಿಯ ಸಮತೋಲ ತಪ್ಪಿ ಎರಡೂ ಬೇಗ ಹಾಳು. ಅಂಥವರು ಬೇರೆಯೇ ಸಣ್ಣ ಬ್ಯಾಟರಿ ಇಡಲಿ. ನಮಗೆ ಸಿಂಕಿಗೆ ದಿನಕ್ಕೆ 150 ಲೀಟರು ಸಾಕು. ಪಂಪು ಅರ್ಧ ಗಂಟೆ ಓಡಿದರಾಯಿತು, 5 ಆಂಪಿಯರಿನಂತೆ ಎರಡೂವರೆ ಆಂಪಿಯರ್-ಅವರ್. ಮೂರು ದಿನ ಕರೆಂಟಿಲ್ಲದಿದ್ದರೂ ಎಂಟನ್ನು ಮುಟ್ಟುವುದಿಲ್ಲ. 150ರ ಬ್ಯಾಟರಿಗೆ ಇದು ಗೊತ್ತೂ ಆಗದು. ಅದನ್ನು ಬರಿದು ಮಾಡುವುದು ಫ್ಯಾನು, ಟಿವಿ.

ಟಕ್-ಟಕ್ ಕಾಟಕ್ಕೆ ಗಾಳಿಗೂಡು

ನಲ್ಲಿಯನ್ನು ಸಣ್ಣಗೆ ಬಿಟ್ಟರೆ ಪಂಪು ಕ್ಷಣಕ್ಕೊಮ್ಮೆ ಚಾಲೂ-ಬಂದ್ ಆಗುತ್ತದೆ. ಕಿವಿಗೂ ಕಿರಿಕಿರಿ, ಸ್ವಿಚ್ಚಿಗೂ ಕೇಡು. ದೋಣಿಯವರು ಇದಕ್ಕೆ ಗಾಳಿ ತುಂಬಿದ ಪುಟ್ಟ ಟ್ಯಾಂಕು ಕೊಳ್ಳುತ್ತಾರೆ. ನಾನು ಪಂಪಿನಿಂದಾಚೆ ಒಂದು ಟೀ ಹಾಕಿ, ಎರಡಿಂಚಿನ 10 ಕೇಜಿ ಪ್ರೆಶರ್ ಪೈಪನ್ನು ಎರಡಡಿ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ ತಲೆಗೆ ಮುಚ್ಚಳ ಅಂಟಿಸಿದೆ. ಒಳಗೆ ಸಿಕ್ಕಿಬಿದ್ದ ಗಾಳಿ ಕುಗ್ಗುತ್ತಾ ಹಿಗ್ಗುತ್ತಾ ಒಂದು ಸಣ್ಣ ಲೋಟದಷ್ಟು ನೀರನ್ನು ಪಂಪಿಲ್ಲದೆ ಕೊಡುತ್ತದೆ. ಕೈ ತೊಳೆಯಲು ಅಷ್ಟು ಸಾಕಲ್ಲ! ಆ ಗಾಳಿ ನೀರಿನಲ್ಲಿ ಮೆಲ್ಲ ಕರಗಿ ಹೋಗುತ್ತದೆ. ಆದ್ದರಿಂದ ಕೆಳಗೊಂದು ಕಾಕು ಇಟ್ಟು ಆಗಾಗ ನೀರು ಬಸಿದು ಗಾಳಿ ತುಂಬಿಸಬೇಕು. ಬಸಿಯುವಾಗ ನಲ್ಲಿ ತೆರೆದಿರಲಿ, ಪಂಪಿನ ಸ್ವಿಚ್ ಬಂದ್ ಇರಲಿ.

ಸಿಂಕಿನ ಹತ್ತಿರ ಒಂದು ಸ್ವಿಚ್ ಇಟ್ಟದ್ದು ಅಮ್ಮನ ಸಲಹೆ. ರಾತ್ರಿ ಮಲಗುವಾಗ ಆರಿಸುತ್ತಾರೆ. ದೋಣಿಯವರೂ ಹೊರಗೆ ಹೋಗುವಾಗ ಹಾಗೇ ಮಾಡುತ್ತಾರೆ. ಎಲ್ಲಾದರೂ ಪೈಪು ಕಳಚಿದರೆ ಪಂಪು ಟ್ಯಾಂಕಿ ಖಾಲಿಯಾಗುವವರೆಗೆ ನೀರು ಹೊಡೆಯುತ್ತಲೇ ಇರುತ್ತದೆ. ಅದಕ್ಕೇನು ಗೊತ್ತು ಅದು ನಲ್ಲಿಯೋ ತೂತೋ ಎಂದು!

ಎಲ್ಲ ನಲ್ಲಿ ಮುಚ್ಚಿದ್ದಾಗಲೂ ನಡುನಡುವೆ ಒಮ್ಮೆ ಗುರ್ ಎಂದರೆ ಎಲ್ಲೋ ಹನಿ ಸೋರುತ್ತಿದೆ ಎಂದರ್ಥ. ನಲ್ಲಿಯ ವಾಶರು, ಜಾಯಿಂಟು ನೋಡಿ. ಅಲ್ಲಿ ಸರಿ ಇದ್ದರೆ ಪಂಪಿನ ತಲೆಯ ಸ್ಕ್ರೂ ಬಿಚ್ಚಿ ವಾಲ್ವು ತೊಳೆಯಿರಿ. ಬಿಚ್ಚುವ ಮೊದಲು ಯಾವುದು ಎಲ್ಲಿತ್ತೆಂದು ಒಂದು ಫೋಟೋ ತೆಗೆದಿಡಿ. ಪೊರೆ, ವಾಲ್ವಿನ ಒಂದು ಜೊತೆಯನ್ನು ಪಂಪು ಕೊಳ್ಳುವಾಗಲೇ ಕೇಳಿ ತನ್ನಿ, ಆಮೇಲೆ ಅದೇ ಅಳತೆಯದ್ದು ಸಿಗುವುದು ಕಷ್ಟ.