ಬಾಕಿ ಹಣದ ತಕರಾರು: ಸಣ್ಣ ತಯಾರಕರಿಗೆ ಸದಸ್ಯರು ತಿಳಿಸಬೇಕಾದುದು

ಬೆಟಗೇರಿಯ ನೇಕಾರನಿಂದ ಸೀರೆ ಪಡೆದ ವ್ಯಾಪಾರಿಯು, ತಿಂಗಳುಗಳ ನಂತರ "ನೇಯ್ಗೆ ಸರಿಯಿಲ್ಲ" ಎಂದು ಹಣ ತಡೆದರೆ, ಮುಂದಿನ ನೂಲಿಗೆ ಸಾಲವೇ ಗತಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಣ್ಣ ತಯಾರಕರಿಗೂ ಇದೇ ಸಂಕಷ್ಟ ಒದಗಬಹುದು.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮದಂತೆ, ಖರೀದಿದಾರನು ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಸರಕನ್ನು ಸ್ವೀಕರಿಸಿದಂತೆಯೇ ಸರಿ. ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಇತ್ಯರ್ಥಕ್ಕೆ ರಾಜ್ಯದಲ್ಲಿ ಸೌಲಭ್ಯ ಮಂಡಳಿಯಿದೆ.

ಈ ರಕ್ಷಣೆಗೆ ಮಾರಾಟಕ್ಕೆ ಮೊದಲೇ ಉದ್ಯಮ್ ನೋಂದಣಿ ಆಗಿರಬೇಕು, ಅದು ಉಚಿತ. ಬಿಲ್ಲು ಹಾಗೂ ಸರಕು ತಲುಪಿದ ದಿನಾಂಕದೊಡನೆ ಖರೀದಿದಾರನ ಸಹಿ ಕೈಯಲ್ಲಿರಬೇಕು. ಬಾಯಿಮಾತಿನ ವ್ಯವಹಾರವನ್ನು ರುಜುವಾತುಪಡಿಸುವುದು ಕಷ್ಟ. ಸದಸ್ಯರು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ತಿಳಿಯಪಡಿಸತಕ್ಕದ್ದು.