ಚೀಟಿ ಸರಿ ಇದೆ, ಹೊಟ್ಟೆ?

ಮುದನಾಳದಿಂದ ಯಾದಗಿರಿಗೆ ಹೋಗಿ ರಕ್ತ ಕೊಟ್ಟು ಬಂದಿರಿ. ಕೊಲೆಸ್ಟ್ರಾಲ್ 200ರ ಒಳಗಿದೆ ಅಂತ ಚೀಟಿ ಬಂತು. ಸಂತೋಷ. ಆದರೆ ಅದನ್ನೇ ನಂಬಿ, ಮಿರ್ಚಿ ಭಜಿ ತಿಂದ ರಾತ್ರಿ ಬಲಪಕ್ಕೆಯ ಕೆಳಗೆ ಹಿಡಿದು ಹೆಗಲಿನವರೆಗೆ ಏರುವ ನೋವನ್ನು ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗಬೇಡಿ. ಪಿತ್ತಕೋಶದಲ್ಲಿ ಕಲ್ಲಿದೆಯೋ ಇಲ್ಲವೋ ಎಂಬುದನ್ನು ರಕ್ತದ ಒಟ್ಟು ಕೊಲೆಸ್ಟ್ರಾಲ್ ಹೇಳುವುದಿಲ್ಲ. ಪಿತ್ತರಸದಲ್ಲಿ ಕರಗದೆ ಉಳಿದ ಕೊಲೆಸ್ಟ್ರಾಲ್ ಹರಳುಗಟ್ಟಿದಾಗ ಕಲ್ಲಾಗುತ್ತದೆ. ಕೊಲೆಸ್ಟ್ರಾಲಿನ ಹಂಗೇ ಇಲ್ಲದ ಕಪ್ಪು ಕಲ್ಲುಗಳೂ ಉಂಟು.

ಚೀಟಿಯಲ್ಲಿ ಕಣ್ಣಾಡಿಸಬೇಕಾದ ಸಾಲುಗಳು ಬೇರೆ: ಟ್ರೈಗ್ಲಿಸರೈಡ್ 150 ದಾಟಿದ್ದರೆ, ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಇಳಿದಿದ್ದರೆ ಕಲ್ಲಿನ ಸಂಭವ ಹೆಚ್ಚು. ಆಗಲೂ ಖಚಿತವಾಗುವುದು ಹೊಟ್ಟೆಯ ಸ್ಕ್ಯಾನಿಂಗ್‌ನಿಂದಲೇ.

ಕೊಬ್ಬು ಇಳಿಸುವ ಹಟಕ್ಕೆ ಬಿದ್ದು ಉಪವಾಸ ಮಾಡಿ ತಿಂಗಳಿಗೆ ಏಳೆಂಟು ಕಿಲೋ ಕಳೆದುಕೊಳ್ಳಬೇಡಿ, ಕಲ್ಲು ಬೇಗ ಕಟ್ಟುತ್ತದೆ. ಮೂತ್ರಪಿಂಡದ ಕಲ್ಲಿಗೆಂದು ಕುಡಿಯುವ ಬಾಳೆದಿಂಡಿನ ರಸ ಇದಕ್ಕೆ ಮದ್ದಲ್ಲ; ಎರಡೂ ಕಲ್ಲೇ, ದಾರಿ ಬೇರೆ. ನೋವಿಲ್ಲದೆ ಸುಮ್ಮನೆ ಕಂಡ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ, ಹೆದರಬೇಡಿ. ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಬೆಳಗಾಗಲೆಂದು ಕಾಯದೆ ಜಿಲ್ಲಾಸ್ಪತ್ರೆಗೆ ಹೊರಡಿ.