ಹಳೆಯ ಮದ್ಯದ ಕಪಾಟು: ಬೆಲೆ ಕಟ್ಟುವ ಮುನ್ನ

ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳ ಮತ್ತು ಬೆಂಗಳೂರು ದಂಡು ಪ್ರದೇಶದ ಹಳೆಯ ಮನೆಗಳ ಮರದ ಸಾಮಾನು ಮಾರಾಟಕ್ಕೆ ಬಂದಾಗ ಅದರಲ್ಲಿ ಮದ್ಯದ ಕಪಾಟೂ ಇರುವುದುಂಟು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ವೈನ್ ಬಾಟಲಿಗಳನ್ನು ಬೀಗ ಹಾಕಿಡಲು ಬಳಸುತ್ತಿದ್ದ ‘ಸೆಲ್ಲರೆಟ್’ ಪೆಟ್ಟಿಗೆ ಇವುಗಳ ಪೂರ್ವಿಕ. ಇತಿಹಾಸ ಇಷ್ಟು ಸಾಕು. ಒಳಗೆ ನಾಲ್ಕು ಬಾಟಲಿ ಹಿಡಿಸಿತೆಂದರೆ ಅದನ್ನು ‘ಬ್ರಿಟಿಷರ ಕಾಲದ ಬಾರ್’ ಎಂದು ನಂಬಿ ದುಡ್ಡು ಸುರಿಯುವವರಿಗಾಗಿ ಈ ಲೇಖನ.

1. ಹಿಂಬದಿ, ತಳ ನೋಡಿ: ಗೋಡೆಯಿಂದ ಸರಿಸಿ, ಟಾರ್ಚ್ ಬಿಡಿ. ಕೈಗರಗಸದ ಗುರುತು ನೇರ ಗೆರೆಗಳಾಗಿರುತ್ತದೆ, ಯಂತ್ರದ ವೃತ್ತಗರಗಸದ್ದು ಕಮಾನಿನಂತೆ ಬಾಗಿರುತ್ತದೆ. ಹಿಂಬದಿಗೆ ಪ್ಲೈವುಡ್ ಇದ್ದರೆ ‘ಯಾವಾಗ ಹಾಕಿಸಿದ್ದು?’ ಎಂದು ಕೇಳಿ.

2. ಜೋಡಣೆ, ಸ್ಕ್ರೂ: ಡ್ರಾಯರ್ ಎಳೆದು ಮೂಲೆ ನೋಡಿ. ಕೈಯಿಂದ ಕೊರೆದ ಡವ್‌ಟೇಲ್ ಹಲ್ಲುಗಳು ಒಂದಕ್ಕೊಂದು ಸಮ ಇರುವುದಿಲ್ಲ. ಸುಮಾರು 1850ಕ್ಕೆ ಮುಂಚಿನ ಸ್ಕ್ರೂಗಳ ತುದಿ ಮೊಂಡು. ನಕ್ಷತ್ರದ ತಲೆಯ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಆದರೆ ಒಂದು ಹೊಸ ಸ್ಕ್ರೂ ಕಂಡಾಕ್ಷಣ ಇಡೀ ಕಪಾಟನ್ನು ತಳ್ಳಿಹಾಕಬೇಡಿ, ಅದು ರಿಪೇರಿಯಲ್ಲಿ ಬಂದಿರಬಹುದು.

3. ಮರ: ಬೀಟೆ ಭಾರ, ನೇರಳೆ ಛಾಯೆಯ ಕಂದು ಬಣ್ಣ, ಕಪ್ಪು ಗೆರೆ. ತೇಗ ಹೊಂಗಂದು, ಮುಟ್ಟಿದರೆ ತುಸು ಜಿಡ್ಡು. ಬಾಗಿಲ ಹೊರಗಿನ ಗಂಟು ಒಳಮೈಯಲ್ಲೂ ಅದೇ ಜಾಗದಲ್ಲಿ ಕಂಡರೆ ಗಟ್ಟಿಮರ. ಕಾಣದಿದ್ದರೆ ವೆನೀರ್ (ಮೇಲೆ ಅಂಟಿಸಿದ ತೆಳು ಮರದ ಹಾಳೆ) ಇರಬಹುದು, ಅಂಚು ಪರೀಕ್ಷಿಸಿ.

4. ಹುಟ್ಟಾ ಮದ್ಯದ ಕಪಾಟೇ?: ಹೆಚ್ಚಿನವರು ಎಡವುವುದು ಇಲ್ಲಿ. ಮರ ಹಳೆಯದು, ಕೆಲಸವೂ ಹಳೆಯದು, ‘ಬಾರ್’ ಮಾತ್ರ ಮೊನ್ನೆ ಮೊನ್ನೆಯದು. ಬಟ್ಟೆಯ ಬೀರು, ರೇಡಿಯೊಗ್ರಾಂ, ಗ್ರಾಮಫೋನ್ ಪೆಟ್ಟಿಗೆ ಎಲ್ಲವೂ ಹೀಗೆ ವೇಷ ಬದಲಿಸಿವೆ. ಗ್ರಾಮಫೋನಿನದಾದರೆ ಬಲ ಮಗ್ಗುಲನ್ನು ಬೆರಳಿನಿಂದ ಸವರಿ. ಕೀ ಕೊಡುವ ಹಿಡಿಕೆಯ ತೂತನ್ನು ಮುಚ್ಚಿದ ದುಂಡನೆಯ ಬಿಲ್ಲೆ ಸಿಗುತ್ತದೆ. ಪಾಲಿಷ್ ಎಷ್ಟೇ ಹೊಂದಿಸಿದ್ದರೂ ಮರದ ಎಳೆ ಅಲ್ಲಿ ದಿಕ್ಕು ತಪ್ಪಿರುತ್ತದೆ. ಬೀರುವಾದರೆ ಒಳಗಿನ ಹಲಗೆ ಕಳಚಿ: ಹಲಗೆ ಕೂರುವ ತೋಡು ತಿಳಿಬಣ್ಣದ್ದಾಗಿದ್ದು ಅಂಚು ಚೂಪಾಗಿದ್ದರೆ ಈಚೆಗೆ ಕೊರೆದದ್ದು. ಬೇರೆ ಎತ್ತರದಲ್ಲಿ ಹಳೆಯ ತೋಡಿನ ಗುರುತು ಉಳಿದಿದೆಯೇ ಎಂದೂ ನೋಡಿ.

ಅಸಲಿ ಕಪಾಟಿನ ಅಳತೆಯೇ ಬಾಟಲಿಗಾಗಿ ಹುಟ್ಟಿದ್ದು: ಬಾಟಲಿ, ಡಿಕಾಂಟರುಗಳಿಗೆ ಚೌಕ ಮನೆಗಳು, ಗಟ್ಟಿ ಬೀಗ, ಕೆಲವುಗಳಲ್ಲಿ ಸೀಸದ ತಗಡಿನ ಒಳಹೊದಿಕೆ. ಸೀಸ ವಿಷ, ಅದರಲ್ಲಿ ಐಸ್ ಹಾಕಿ ಬಳಸಬೇಡಿ. ಬೀಗದ ಮೇಲೆ ಕಿರೀಟದ ಜತೆ ‘ವಿ.ಆರ್.’ ಅಚ್ಚಿದ್ದರೆ ಆ ಬೀಗ ವಿಕ್ಟೋರಿಯಾ ರಾಣಿಯ ಕಾಲದ್ದು (1837–1901). ಬೀಗ ಮಾತ್ರ! ಅದರ ಸುತ್ತ ಬೇರೆ ಬೀಗದ ತೂತುಗಳಿದ್ದರೆ ಎಚ್ಚರ.

ಮಾರ್ಪಡಿಸುವುದು ತಪ್ಪಲ್ಲ, ಮಾರ್ಪಡಿಸಿದ್ದನ್ನು ಅಸಲಿ ಎಂದು ಮಾರುವುದು ಮೋಸ. ಮಾರ್ಪಡಿಸಿದ್ದಕ್ಕೆ ಚೆಂದದ ಪೀಠೋಪಕರಣದ ಬೆಲೆ ಕೊಡಿ, ಆ್ಯಂಟಿಕ್ ಬೆಲೆ ಬೇಡ.

5. ಬೆಲೆ: ಕೇಳಿದ ಬೆಲೆ ಬೆಲೆಯಲ್ಲ. ಹರಾಜಿನಲ್ಲಿ ಅಂಥದೇ ಕಪಾಟು ನಿಜಕ್ಕೂ ಎಷ್ಟಕ್ಕೆ ಹೋಯಿತು ನೋಡಿ. ನೀವು ಮಾರುವವರಾದರೆ, ಕೊಳ್ಳಲು ಬಂದವರಿಂದಲೇ ಬೆಲೆ ಕಟ್ಟಿಸಬೇಡಿ. ಮೂಲ ಹಿತ್ತಾಳೆ ಸಾಮಾನು, ಬೀಗದ ಕೈ, ಡಿಕಾಂಟರ್, ಹಳೆಯ ರಸೀದಿ ಇದ್ದರೆ ಬೆಲೆ ಏರುತ್ತದೆ. ಗೆದ್ದಲು, ಕುಟ್ಟೆ ಇದ್ದರೆ ಇಳಿಯುತ್ತದೆ. ಬೆಲೆ ಕಟ್ಟಿಸುವ ಮುಂಚೆಯೇ ಉಜ್ಜಿಸಿ ಮೆಲಮೈನ್ ಪಾಲಿಷ್ ಹೊಡೆಸಿದಿರೋ, ಕೆಟ್ಟಿತು. 100 ವರ್ಷ ದಾಟಿದ ಕಲಾಕುಶಲ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ‘ಪ್ರಾಚ್ಯವಸ್ತು’ ಎನಿಸಬಹುದು. ಪ್ರಾಚ್ಯವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಮಗಳ ಮನೆಗೆಂದು ಅಮೆರಿಕಕ್ಕೆ ಕಳಿಸುವ ಯೋಚನೆಯಿದ್ದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ.